ಭಾಂಡದಿಂದ ಭಂಡಾರಕ್ಕೆ

'ಭಂಡಾರ'ವೆಂದೊಡನೆ ಹೊನ್ನು ರತ್ನಗಳ ಕೋಶವು ನೆನಪಿಗೆ ಬರುವುದು ಸಹಜ. ಆ ಶಬ್ದದ ಮೂಲವಾದರೋ ದಿನಬಳಕೆಯ ಪಾತ್ರೆಯಲ್ಲಿದೆ. ಸಂಸ್ಕೃತದ 'ಭಾಂಡ' ಶಬ್ದಕ್ಕೆ ಗಡಿಗೆ, ಪಾತ್ರೆ ಎಂಬುದು ಒಂದು ಅರ್ಥ. ಸರಕು, ವರ್ತಕನ ಪಣ್ಯ ಎಂಬುದು ಮತ್ತೊಂದು. ತುಂಬಿಡುವ ಪಾತ್ರೆಯ ಹೆಸರೇ ತುಂಬಿದ ವಸ್ತುವಿಗೂ ಸಂದಿದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಪಾತ್ರೆಗಳನ್ನು ಇಂದಿಗೂ 'ಭಾಂಡೆ' ಎನ್ನುವುದುಂಟು.

ಭಾಂಡಗಳನ್ನಿರಿಸುವ ಆಗಾರವೇ 'ಭಾಂಡಾಗಾರ'. ಪ್ರಾಕೃತದಲ್ಲಿ ಸಂಯುಕ್ತಾಕ್ಷರದ ಹಿಂದಿನ ದೀರ್ಘವು ಹ್ರಸ್ವವಾಗುತ್ತದೆ. ಸ್ವರಗಳ ನಡುವಣ ಗಕಾರವು ಪ್ರಾಯಿಕವಾಗಿ ಲೋಪಿಸುತ್ತದೆ. ಹೀಗೆ ಭಾಂಡಾಗಾರವು ಮೊದಲು 'ಭಂಡಾಗಾರ'ವಾಗಿ, ಬಳಿಕ 'ಭಂಡಾರ'ವಾಯಿತು. 'ಕೋಷ್ಠಾಗಾರ'ವು 'ಕೊಠಾರ'ವಾದುದೂ ಇದೇ ಕ್ರಮದಲ್ಲಿ. ಕನ್ನಡದ ತದ್ಭವಗಳಲ್ಲಿ ಮಹಾಪ್ರಾಣವು ಅಲ್ಪಪ್ರಾಣವಾಗುವುದರಿಂದ 'ಬಂಡಾರ' ಎಂಬ ರೂಪವೂ ಸಿದ್ಧಿಸಿತು. ಆದುದರಿಂದ ಓಲೆಯ ಪ್ರತಿಗಳಲ್ಲಿ 'ಬಂಡಾರ'ವೆಂದು ಕಂಡಾಗ ಅದನ್ನು ಲಿಪಿಕಾರನ ದೋಷವೆಂದು ಬಗೆದು ತಿದ್ದುವುದು ಯುಕ್ತವಲ್ಲ. ಹಾಗೆ ತಿದ್ದಿದರೆ ಶಬ್ದವು ನಡೆದುಬಂದ ಹಾದಿಯ ಒಂದು ಗುರುತೇ ಅಳಿಸಿಹೋಗುತ್ತದೆ.

ಭಾಂಡಾಗಾರವನ್ನು ನೋಡಿಕೊಳ್ಳುವವನು ಭಾಂಡಾಗಾರಿಕ, ಅರ್ಥಾತ್ ಭಂಡಾರಿ. ಹೊಯ್ಸಳ ಒಂದನೆಯ ನರಸಿಂಹನ ಹಿರಿಯ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಶ್ರವಣಬೆಳಗೊಳದಲ್ಲಿ ಚತುರ್ವಿಂಶತಿ ತೀರ್ಥಂಕರರ ಬಸದಿಯನ್ನು ಕಟ್ಟಿಸಿದನು. ಅರಸನು ಅದಕ್ಕೆ 'ಭವ್ಯಚೂಡಾಮಣಿ' ಎಂಬ ಹೆಸರನ್ನಿತ್ತನು. ಆದರೂ ಜನರ ನಾಲಗೆಯಲ್ಲಿ ಉಳಿದುದು 'ಭಂಡಾರಿ ಬಸದಿ' ಎಂಬ ಹೆಸರೇ.

ಅರ್ಧಮಾಗಧಿ ಆಗಮಗಳಲ್ಲಿ ಈ ಶಬ್ದಕ್ಕೆ ಇನ್ನೊಂದು ನೆಲೆಯುಂಟು. ಅಲ್ಲಿ 'ಭಂಡ'ವೆಂದರೆ ಮುನಿಯ ಉಪಕರಣ. ಐದು ಸಮಿತಿಗಳಲ್ಲಿ ನಾಲ್ಕನೆಯದು 'ಆಯಾಣ-ಭಂಡ-ಮತ್ತ-ನಿಕ್ಖೇವಣಾ ಸಮಿಇ'. ಉಪಕರಣವನ್ನೂ ಪಾತ್ರೆಯನ್ನೂ ಜೀವಹಿಂಸೆಯಾಗದಂತೆ ನೋಡಿ ಎತ್ತಿಕೊಳ್ಳುವುದು, ನೋಡಿ ಇಡುವುದು ಎಂದು ತಾತ್ಪರ್ಯ. ತತ್ತ್ವಾರ್ಥಸೂತ್ರದಲ್ಲಿ ಇದೇ 'ಆದಾನನಿಕ್ಷೇಪ'.

ಶಾಸ್ತ್ರಗ್ರಂಥಗಳನ್ನು ಕಾಪಾಡುವ ಸ್ಥಾನಕ್ಕೆ 'ಜ್ಞಾನಭಂಡಾರ', 'ಶಾಸ್ತ್ರಭಂಡಾರ' ಎಂಬ ಹೆಸರುಗಳು ಜೈನರಲ್ಲಿ ಪ್ರಸಿದ್ಧವಾಗಿವೆ. ವೀರಸೇನಾಚಾರ್ಯರ ಧವಲಾ ಟೀಕೆಯ ತಾಳೆಯೋಲೆಗಳನ್ನು ಮೂಡುಬಿದಿರೆಯ ಸಿದ್ಧಾಂತ ಬಸದಿಯು ಶತಮಾನಗಳ ಕಾಲ ರಕ್ಷಿಸಿತು. ಬಹುಕಾಲ ಅವು ಯಾತ್ರಿಕರ ದರ್ಶನಕ್ಕೆ ಮೀಸಲಾಗಿದ್ದವು. ಓಲೆಗಳು ಪ್ರತಿಯಾಗಿ, 1939ರಲ್ಲಿ ಹೀರಾಲಾಲ ಜೈನರ ಸಂಪಾದನೆಯಲ್ಲಿ ಮೊದಲ ಸಂಪುಟವು ಮುದ್ರಣಗೊಂಡ ಬಳಿಕವೇ ಆ ಟೀಕೆಯು ವಿದ್ವಾಂಸರ ಕೈಗೆ ದೊರೆಯತೊಡಗಿತು.

ಗಡಿಗೆಯನ್ನು ತುಂಬಿಡುವುದು ಬೇಕಾದಾಗ ತೆಗೆದುಕೊಳ್ಳುವುದಕ್ಕಾಗಿ. ಶಾಸ್ತ್ರಭಂಡಾರದ ಧರ್ಮವೂ ಅದೇ. ನಿಕ್ಷೇಪ ಮಾತ್ರ ನಡೆದು ಆದಾನವು ನಿಂತುಹೋದಲ್ಲಿ ಓಲೆಗಳು ಉಳಿದಾವು, ಶಾಸ್ತ್ರವು ಉಳಿಯದು.