ಬಿನೆಯ ಪ್ರಶ್ನೆಗಳು ಕನ್ನಡಕ್ಕೆ ಬಂದದ್ದು

ಮಕ್ಕಳ ಬುದ್ಧಿ ಅಳೆಯಲು ಹೊರಟ ಫ್ರೆಂಚ್ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಬಿನೆ ಮೊದಲು ಅಳೆದದ್ದು ತಲೆಯನ್ನು. ಮಿದುಳು ದೊಡ್ಡದಿದ್ದಷ್ಟೂ ಬುದ್ಧಿ ಹೆಚ್ಚು ಎಂದು ಪ್ಯಾರಿಸಿನ ಹೆಸರಾಂತ ವೈದ್ಯರೇ ನಂಬಿದ್ದ ಕಾಲ ಅದು. ಮೇಷ್ಟ್ರುಗಳು ಜಾಣರೆಂದ ಮಕ್ಕಳ ತಲೆಗೂ ದಡ್ಡರೆಂದವರ ತಲೆಗೂ ಸಿಕ್ಕ ವ್ಯತ್ಯಾಸ ಒಂದು ಮಿಲಿಮೀಟರಿನಷ್ಟು. ತಮ್ಮ ನಿರೀಕ್ಷೆಯೇ ಅಳತೆಯನ್ನು ಆ ಕಡೆಗೆ ಎಳೆಯುತ್ತಿದೆಯೇನೋ ಎಂದು ಬಿನೆ ತಮ್ಮನ್ನೇ ಶಂಕಿಸಿ, ಆ ದಾರಿ ಬಿಟ್ಟರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಅದಕ್ಕೇ.

1904ರಲ್ಲಿ ಫ್ರೆಂಚ್ ಸರ್ಕಾರಕ್ಕೆ ಪಾಠದಲ್ಲಿ ಹಿಂದುಳಿಯುವ ಮಕ್ಕಳನ್ನು ಗುರುತಿಸಬೇಕಿತ್ತು. ಅದಕ್ಕಾಗಿ ಮರುವರ್ಷ ಬಿನೆ ಮತ್ತು ಅವರ ಸಹೋದ್ಯೋಗಿ ಸಿಮೋನ್ 30 ಪ್ರಶ್ನೆಗಳ ಪರೀಕ್ಷೆ ಕಟ್ಟಿದರು. 1908ರಲ್ಲಿ ಅದನ್ನು ವಯಸ್ಸಿನ ಪ್ರಕಾರ ಜೋಡಿಸಿದರು. 1916ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಟರ್ಮನ್ ಅದನ್ನು ಹಿಗ್ಗಿಸಿದರು. ಹುಟ್ಟಿದಾಗಿನ ಬುದ್ಧಿ ಕೊನೆಯವರೆಗೂ ಅಷ್ಟೇ ಎಂಬ ಮಾತನ್ನು ಬಿನೆ ಒಪ್ಪಿರಲಿಲ್ಲ. ಅಮೆರಿಕದಲ್ಲಿ ಅವರ ಈ ನಿಲುವನ್ನು ಮರೆತರು.

ನಮ್ಮಲ್ಲಿ ಈ ಕೆಲಸಕ್ಕೆ ಕೈಹಾಕಿದವರು ವಿ. ವಿ. ಕಾಮತ್. ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲಿ ಕನ್ನಡ, ಮರಾಠಿ ಮಕ್ಕಳನ್ನು ಅವರವರ ಮಾತಿನಲ್ಲೇ ಪರೀಕ್ಷಿಸಿ, 1934ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. 1940ರಲ್ಲಿ ಪುಸ್ತಕವೂ ಬಂತು. ಬಿನೆ-ಕಾಮತ್ ಪರೀಕ್ಷೆ ಎಂದು ಇಂದಿಗೂ ಬಳಕೆಯಲ್ಲಿರುವುದು ಅದೇ. ಮಕ್ಕಳನ್ನು ಪರೀಕ್ಷಿಸಲು ನಾನು ಕಲಿತದ್ದೂ ಅದರಲ್ಲೇ.

ಟರ್ಮನ್ ಏಳು ವರ್ಷದವರಿಗೆಂದು ಇಟ್ಟಿದ್ದ ಒಂದು ಕೆಲಸವಿದೆ: ವಜ್ರಾಕೃತಿ ನೋಡಿ ಬರೆಯುವುದು. ಐದರ ಮಗು ಚೌಕ ಬರೆದೀತು, ವಜ್ರ ಬಾರದು. ಪೆನ್ಸಿಲ್ಲು ಓರೆಗೆರೆಯಲ್ಲಿ ಇಳಿದು, ಮೂಲೆಯಲ್ಲಿ ತಿರುಗಲಾರದೆ ಅಲ್ಲೊಂದು ಕಿವಿ ಮೂಡಿಸುತ್ತದೆ. ಕಂಡ ಓರೆಯನ್ನು ಕೈಗೆ ದಾಟಿಸುವಷ್ಟು ಮಿದುಳು ಇನ್ನೂ ಬಲಿತಿಲ್ಲ. ಮಗು ಮಾತ್ರ ನಾಲಿಗೆ ಕಚ್ಚಿ, ಅಳಿಸಿ, ಮತ್ತೆ ಬರೆಯುತ್ತದೆ. ಅಂಕದ ಹಾಳೆಯಲ್ಲಿ ಅದಕ್ಕೆ ಸೊನ್ನೆ. ಆ ಕಿವಿಗಳನ್ನೂ ಅಳಿಸಿದ ಗುರುತನ್ನೂ ವರದಿಯಲ್ಲಿ ಬರೆಯಲೇಬೇಕು ಎಂಬುದು ನನ್ನ ಹಟ.

ಇನ್ನೊಂದು ಸಂಕಟವಿದೆ. ತಲೆಮಾರಿನಿಂದ ತಲೆಮಾರಿಗೆ ಮಕ್ಕಳ ಅಂಕ ಏರುತ್ತ ಬಂದಿದೆ ಎಂದು ಸಂಶೋಧಕ ಜೇಮ್ಸ್ ಫ್ಲಿನ್ 1980ರ ದಶಕದಲ್ಲೇ ತೋರಿಸಿದರು. ಹಳೆಯ ಮಾನದಂಡಕ್ಕೆ ಹಿಡಿದರೆ ಇಂದಿನ ಮಗುವಿನ ಐಕ್ಯೂ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ನಿಜಕ್ಕೂ ನೆರವು ಬೇಕಾದ ಮಗು 70ರ ಗೆರೆ ದಾಟಿಬಿಟ್ಟರೆ ಬೌದ್ಧಿಕ ಅಂಗವೈಕಲ್ಯದ ಪ್ರಮಾಣಪತ್ರ ತಪ್ಪಬಹುದು, ಅದರೊಂದಿಗೆ ಸೌಲಭ್ಯವೂ. ಹಾಗಾಗಿ ಕಾಮತ್ ಮಾಡಿದ ಕೆಲಸವನ್ನು ಈಗಿನ ಮಕ್ಕಳೊಂದಿಗೆ ಮೊದಲಿನಿಂದ ಮಾಡಬೇಕಿದೆ. ಮನೆಯಲ್ಲಿ ತುಳು, ಲಂಬಾಣಿ, ಉರ್ದು ಆಡುವವರನ್ನೂ ಕೂರಿಸಿಕೊಂಡು.