ವಿಜ್ಞಾನ ಕಥೆಗಳ ಓದುಗರೂ ರಾಜಕೀಯವೂ: ೧೯೩೯ರ ಬಹಿಷ್ಕಾರದ ಹಿಂದುಮುಂದು

ಸಾಹಿತ್ಯ ಚರಿತ್ರೆಯನ್ನು ಬರೆಯುವವರು ಕರ್ತೃಗಳನ್ನೂ ಕೃತಿಗಳನ್ನೂ ಕುರಿತು ಬರೆಯುವುದು ವಾಡಿಕೆ. ಓದುಗರ ಚರಿತ್ರೆಯನ್ನು ಬರೆದವರು ವಿರಳ. ಓದುಗನು ಪುಸ್ತಕವನ್ನು ಮುಚ್ಚಿಟ್ಟ ಮೇಲೆ ಗೆಳೆಯರೊಡನೆ ಏನು ಮಾತನಾಡಿದನೆಂಬುದಕ್ಕೆ ಸಾಮಾನ್ಯವಾಗಿ ಯಾವ ದಾಖಲೆಯೂ ಉಳಿಯುವುದಿಲ್ಲ. ಈ ಮಾತಿಗೆ ಅಮೆರಿಕದ ವಿಜ್ಞಾನ ಕಥೆಗಳ ಓದುಗರು ಒಂದು ಅಪವಾದ. ಅವರು ತಮ್ಮ ಹರಟೆಯನ್ನು ಮೊದಲಿನಿಂದಲೂ ಕಾಗದದ ಮೇಲೆ ಇಳಿಸಿದರು, ಅಚ್ಚು ಮಾಡಿದರು, ಹಂಚಿದರು, ಜೋಪಾನವಾಗಿ ಕಾಪಾಡಿದರು. ಆ ಹರಟೆ ಕಥೆಗಳಲ್ಲಿಯೇ ನಿಲ್ಲಲಿಲ್ಲ. ರಾಜಕೀಯ, ಅರ್ಥವ್ಯವಸ್ಥೆ, ಅಂತರಿಕ್ಷಯಾನ, ಕಾಲಕ್ರಮದಲ್ಲಿ ದೂರದರ್ಶನ, ಇವೆಲ್ಲವೂ ಅದರಲ್ಲಿ ಸೇರಿಕೊಂಡವು. ಇವು ಕಥೆಯ ಮಾತಿಗೆ ಹೊರಗಿನಿಂದ ಬಂದ ಕಲಬೆರಕೆಯೋ ಅಥವಾ ಆ ಮಾತಿನ ತಿರುಳೇ ಆಗಿದ್ದವೋ ಎಂಬ ಪ್ರಶ್ನೆಗೆ ೧೯೩೯ರ ಜುಲೈ ತಿಂಗಳಲ್ಲಿ ನ್ಯೂಯಾರ್ಕಿನ ಒಂದು ಸಭಾಂಗಣದ ಬಾಗಿಲಿನಲ್ಲಿ ತೀರ್ಮಾನ ದೊರೆಯಿತೆಂದು ಕೆಲವರು ಭಾವಿಸಿದರು. ಆ ಪ್ರಸಂಗದ ಹಿಂದುಮುಂದನ್ನು ವಿಚಾರಿಸುವುದೇ ಈ ಲೇಖನದಲ್ಲಿ ನಮ್ಮ ಉದ್ದೇಶ.

ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬಾತ ಲಕ್ಸೆಂಬರ್ಗಿನಲ್ಲಿ ಹುಟ್ಟಿ ೧೯೦೪ರಲ್ಲಿ ಅಮೆರಿಕಕ್ಕೆ ವಲಸೆ ಬಂದವನು. ರೇಡಿಯೋ ಸಾಮಗ್ರಿಗಳ ವ್ಯಾಪಾರಿಯೂ ಪತ್ರಿಕಾ ಪ್ರಕಾಶಕನೂ ಆಗಿದ್ದವನು. ಈತ ೧೯೨೬ರ ಏಪ್ರಿಲ್‌ನಲ್ಲಿ 'ಅಮೇಜಿಂಗ್ ಸ್ಟೋರೀಸ್' ಎಂಬ ಮಾಸಪತ್ರಿಕೆಯನ್ನು ಆರಂಭಿಸಿದನು. ವಿಜ್ಞಾನ ಕಥೆಗಳಿಗೆಂದೇ ಮೀಸಲಾದ ಇಂಗ್ಲಿಷ್ ಪತ್ರಿಕೆಗಳಲ್ಲಿ ಇದೇ ಮೊದಲನೆಯದು. ಮರುವರ್ಷದ ಜನವರಿಯಿಂದ ಅದರಲ್ಲಿ ಓದುಗರ ಪತ್ರಗಳಿಗಾಗಿ ಒಂದು ವಿಭಾಗ ಏರ್ಪಟ್ಟಿತು. ವಾಚಕರ ಪತ್ರಗಳನ್ನು ಅಚ್ಚು ಮಾಡುವುದು ಹೊಸತೇನಲ್ಲ. ಹೊಸತೆಂದರೆ, ಇಲ್ಲಿ ಪತ್ರ ಬರೆದವರ ಹೆಸರಿನೊಡನೆ ಅವರ ಪೂರ್ಣ ವಿಳಾಸವೂ ಅಚ್ಚಾಗುತ್ತಿದ್ದುದು. ೧೯೦೯ರಷ್ಟು ಹಿಂದೆಯೇ ಹವ್ಯಾಸಿ ರೇಡಿಯೋ ಪ್ರಿಯರ ಸಂಘವೊಂದನ್ನು ಕಟ್ಟಿದ್ದ ಗರ್ನ್ಸ್‌ಬ್ಯಾಕನಿಗೆ, ಒಂದೇ ಹುಚ್ಚಿನ ಜನರನ್ನು ಪರಸ್ಪರ ಪರಿಚಯಿಸಿದರೆ ಪತ್ರಿಕೆಗೂ ಲಾಭವೆಂಬುದು ತಿಳಿದಿರಬೇಕು. ಆದರೆ ಪರಿಣಾಮ ಆತನ ಎಣಿಕೆಯನ್ನು ಮೀರಿತು. ಓದುಗರು ಸಂಪಾದಕನನ್ನು ಬದಿಗಿಟ್ಟು ತಮ್ಮತಮ್ಮಲ್ಲಿಯೇ ಪತ್ರವ್ಯವಹಾರ ಹೂಡಿದರು. ಸಂಪಾದಕನ ಕತ್ತರಿ ಇಲ್ಲದ ಕಡೆ ಮಾತು ಎತ್ತ ಬೇಕಾದರೂ ಹರಿಯಬಹುದಷ್ಟೆ.

ಈ ಹರಿವು ಯಾವ ದಿಕ್ಕಿನದೆಂಬುದನ್ನು ಕಾಲವೇ ನಿರ್ಣಯಿಸಿತು. ೧೯೨೯ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರು ಮಾರುಕಟ್ಟೆ ಕುಸಿಯಿತು. ಅದೇ ವರ್ಷ, ಕುಸಿತಕ್ಕೆ ಮುಂಚೆಯೇ, ಗರ್ನ್ಸ್‌ಬ್ಯಾಕನು ತನ್ನ ಮೊದಲ ಸಂಸ್ಥೆಯನ್ನು ಕಳೆದುಕೊಂಡು ಹೊಸ ಪತ್ರಿಕೆಗಳನ್ನು ಹೊರಡಿಸತೊಡಗಿದ್ದನು. ಅವು ಬೇಗನೆ 'ವಂಡರ್ ಸ್ಟೋರೀಸ್' ಎಂಬ ಒಂದೇ ಪತ್ರಿಕೆಯಾದವು. ಅದರ ಸಂಪಾದಕ ಕಾರ್ಯವನ್ನು ನಿರ್ವಹಿಸುತ್ತಿದ್ದವನು ಡೇವಿಡ್ ಲ್ಯಾಸರ್. ಈತನ ಜೀವನದಲ್ಲಿ ನಮ್ಮ ವಿಷಯವೆಲ್ಲವೂ ಅಡಕವಾಗಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲುವುದು ಉಚಿತ. ೧೯೩೦ರ ಏಪ್ರಿಲ್‌ನಲ್ಲಿ ಲ್ಯಾಸರನೂ ಆ ಪತ್ರಿಕೆಯ ಕೆಲವು ಲೇಖಕರೂ ಕೂಡಿ 'ಅಮೆರಿಕನ್ ಇಂಟರ್‌ಪ್ಲಾನೆಟರಿ ಸೊಸೈಟಿ' ಎಂಬ ಸಂಘವನ್ನು ಸ್ಥಾಪಿಸಿದರು. ರಾಕೆಟ್ಟಿನ ಮೂಲಕ ಗ್ರಹಾಂತರ ಪ್ರಯಾಣ ಸಾಧ್ಯವೆಂದು ಗಂಭೀರವಾಗಿ ಪ್ರತಿಪಾದಿಸುವ ಪುಸ್ತಕವೊಂದನ್ನು ಲ್ಯಾಸರನು ೧೯೩೧ರಲ್ಲಿ ಪ್ರಕಟಿಸಿದನು. ಆದರೆ ಕಚೇರಿಯ ಹೊರಗಿನ ಬೀದಿಯಲ್ಲಿ ನಿರುದ್ಯೋಗಿಗಳ ಸಾಲು ದಿನೇ ದಿನೇ ಬೆಳೆಯುತ್ತಿದ್ದಿತು. ಲ್ಯಾಸರನು ಅವರ ಸಂಘಟನೆಗೆ ಇಳಿದನು. ಸಂಬಳದ ಕೆಲಸಕ್ಕಿಂತ ಆ ಕೆಲಸಕ್ಕೇ ಹೆಚ್ಚು ವೇಳೆ ಕೊಡುತ್ತಿರುವನೆಂದು ೧೯೩೩ರಲ್ಲಿ ಅವನ ಉದ್ಯೋಗ ಹೋಯಿತು. ೧೯೩೫ರಲ್ಲಿ ನಿರುದ್ಯೋಗಿಗಳ ರಾಷ್ಟ್ರೀಯ ಸಂಘಟನೆಯಾದ 'ವರ್ಕರ್ಸ್ ಅಲಯನ್ಸ್'ನ ಅಧ್ಯಕ್ಷನಾದನು. ೧೯೪೦ರಲ್ಲಿ ಅದರೊಳಗಿನ ಕಮ್ಯುನಿಸ್ಟರ ಪ್ರಾಬಲ್ಯವನ್ನು ವಿರೋಧಿಸಿ ಹೊರಬಂದನು. ಹೀಗಿದ್ದೂ ೧೯೪೧ರಲ್ಲಿ ಅಮೆರಿಕದ ಕಾಂಗ್ರೆಸ್ಸು ಪರಿಹಾರ ನಿಧಿಯಿಂದ ಇವನಿಗೆ ಸಂಬಳ ಕೊಡಕೂಡದೆಂದು ಇವನ ಹೆಸರನ್ನೇ ಎತ್ತಿ ಶಾಸನದಲ್ಲಿ ವಿಧಿಸಿತು. ಇತ್ತ ಇವನು ಕಟ್ಟಿದ ಅಂತರಿಕ್ಷ ಸಂಘವು ೧೯೩೪ರಲ್ಲಿ 'ಅಮೆರಿಕನ್ ರಾಕೆಟ್ ಸೊಸೈಟಿ' ಎಂಬ ಹೆಸರು ತಳೆದು ತಂತ್ರಜ್ಞರ ಗೌರವಾನ್ವಿತ ಸಂಸ್ಥೆಯಾಗಿ ಬೆಳೆಯಿತು.

ಲ್ಯಾಸರನಿಗೆ ಚಂದ್ರಯಾನವೂ ನಿರುದ್ಯೋಗಿಯ ಅನ್ನವೂ ಎರಡು ಬೇರೆ ವಿಷಯಗಳಾಗಿರಲಿಲ್ಲ. ಯಂತ್ರಶಕ್ತಿಯು ಮನುಷ್ಯನನ್ನು ಎಲ್ಲಿಗೆ ಒಯ್ಯಬಲ್ಲುದೆಂದು ಕೇಳುವವನು, ಅದೇ ಶಕ್ತಿ ಇರುವಾಗ ಕಾರ್ಖಾನೆಗಳು ಮುಚ್ಚಿರುವುದೇಕೆಂದೂ ಕೇಳಲೇಬೇಕಾಗುತ್ತದೆ. ಗರ್ನ್ಸ್‌ಬ್ಯಾಕನೂ ಈ ಪ್ರಶ್ನೆಯಿಂದ ಹೊರತಾಗಿರಲಿಲ್ಲ. ಅರ್ಥವ್ಯವಸ್ಥೆಯನ್ನು ಇಂಜಿನಿಯರುಗಳ ಕೈಗೆ ಒಪ್ಪಿಸಬೇಕೆಂಬ 'ಟೆಕ್ನಾಕ್ರಸಿ' ಚಳವಳಿಗೆ ೧೯೩೩ರಲ್ಲಿ ಆತ ಒಂದು ಪ್ರತ್ಯೇಕ ಪತ್ರಿಕೆಯನ್ನೇ ಹೊರಡಿಸಿದನು. ಅದು ಎರಡು ಸಂಚಿಕೆಗಳಿಗೆ ನಿಂತಿತು.

ಅಷ್ಟರಲ್ಲಿ ಓದುಗರು ತಾವೇ ಪತ್ರಿಕೆಗಳನ್ನು ತೆಗೆಯತೊಡಗಿದ್ದರು. ೧೯೩೦ರ ಮೇ ತಿಂಗಳಿನ 'ದಿ ಕಾಮೆಟ್' ಇಂಥವುಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಟೈಪ್‌ರೈಟರಿನಲ್ಲಿ ಬಡಿದು, ಸೈಕ್ಲೋಸ್ಟೈಲ್ ಮಾಡಿ, ಅಂಚೆಯಲ್ಲಿ ಹಂಚುತ್ತಿದ್ದ ಹಾಳೆಗಳು ಇವು. ೧೯೩೪ರಲ್ಲಿ ಗರ್ನ್ಸ್‌ಬ್ಯಾಕನು ಓದುಗರನ್ನೆಲ್ಲ 'ಸೈನ್ಸ್ ಫಿಕ್ಷನ್ ಲೀಗ್' ಎಂಬ ಸಂಘದಲ್ಲಿ ಕೂಡಿಸಲು ಯತ್ನಿಸಿದನು. ಆದರೆ ಆ ಓದುಗರಲ್ಲೊಬ್ಬನಾದ ಡೊನಾಲ್ಡ್ ವೋಲ್‌ಹೈಮನ ಕಥೆಯೊಂದನ್ನು ಅದೇ ವರ್ಷ ಅಚ್ಚು ಮಾಡಿ ಸಂಭಾವನೆ ಕೊಡಲಿಲ್ಲ. ವೋಲ್‌ಹೈಮನು ಹಣ ದೊರೆಯದ ಇತರ ಲೇಖಕರನ್ನು ಹುಡುಕಿ, ಜೊತೆಗೂಡಿಸಿ, ಕಾನೂನಿನ ಮೂಲಕ ಬಾಕಿಯನ್ನು ವಸೂಲು ಮಾಡಿದನು. ೧೯೩೫ರಲ್ಲಿ ಲೀಗಿನಿಂದ ವೋಲ್‌ಹೈಮ್, ಅವನ ಮಿತ್ರ ಜಾನ್ ಮೈಕೆಲ್, ವಿಲಿಯಂ ಸೈಕೋರಾ, ಈ ಮೂವರನ್ನು ಉಚ್ಚಾಟಿಸಲಾಯಿತು. ಮೂರನೆಯ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ವೋಲ್‌ಹೈಮನೂ ಮೈಕೆಲನೂ ಕ್ರಮೇಣ ಎಡಪಂಥಕ್ಕೆ ಒಲಿದರು. ೧೯೩೭ರ ಅಕ್ಟೋಬರಿನಲ್ಲಿ ಫಿಲಡೆಲ್ಫಿಯದಲ್ಲಿ ನಡೆದ ಓದುಗರ ಸಮ್ಮೇಳನದಲ್ಲಿ, ಮಾತು ತೊದಲುತ್ತಿದ್ದ ಮೈಕೆಲನ ಪರವಾಗಿ ವೋಲ್‌ಹೈಮನು ಒಂದು ಭಾಷಣವನ್ನು ಓದಿದನು. ಜಗತ್ತು ಫ್ಯಾಸಿಸಮ್ಮಿನ ಕಡೆಗೆ ಸಾಗುತ್ತಿರುವಾಗ ಭವಿಷ್ಯವನ್ನು ಕುರಿತು ಕಥೆ ಓದಿ ಸಂತೋಷಪಡುವುದಷ್ಟೇ ಸಾಲದು, ಒಳ್ಳೆಯ ಭವಿಷ್ಯಕ್ಕಾಗಿ ಓದುಗರು ಕೆಲಸ ಮಾಡಬೇಕು ಎಂಬುದು ಅದರ ಸಾರ. ಆ ಕುರಿತ ನಿರ್ಣಯ ಸೋತಿತು. ಸೋತವರು ೧೯೩೮ರಲ್ಲಿ ನ್ಯೂಯಾರ್ಕಿನಲ್ಲಿ 'ಫ್ಯೂಚೂರಿಯನ್ನರು' ಎಂಬ ಕೂಟವನ್ನು ಕಟ್ಟಿದರು. ಫ್ರೆಡರಿಕ್ ಪೋಲ್, ಸಿರಿಲ್ ಕಾರ್ನ್‌ಬ್ಲತ್, ರಾಬರ್ಟ್ ಲೌಂಡ್ಸ್, ಐಸಾಕ್ ಅಸಿಮೋವ್ ಮೊದಲಾದವರು ಅದರಲ್ಲಿದ್ದರು. ಪೋಲನು ಆಗ ಯುವ ಕಮ್ಯುನಿಸ್ಟ್ ಲೀಗಿನ ಸದಸ್ಯನೂ ಆಗಿದ್ದನು. ಕೂಟದವರೆಲ್ಲರೂ ಹಾಗಿರಲಿಲ್ಲ, ಅಸಿಮೋವನಿಗೆ ಕಥೆ ಬರೆಯುವುದರ ಕಡೆಗೇ ಹೆಚ್ಚು ಗಮನ.

೧೯೩೯ರಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವಪ್ರದರ್ಶನ ನೆರೆದಿದ್ದಿತು. ಅದೇ ಸಮಯದಲ್ಲಿ ಜುಲೈ ೨ರಿಂದ ೪ರವರೆಗೆ ವಿಜ್ಞಾನ ಕಥಾಪ್ರಿಯರ ಪ್ರಥಮ ವಿಶ್ವ ಸಮ್ಮೇಳನವು ಜರುಗಿತು. ಸುಮಾರು ೨೦೦ ಮಂದಿ ಸೇರಿದರು. ವ್ಯವಸ್ಥಾಪಕರು ಸ್ಯಾಮ್ ಮಾಸ್ಕೊವಿಟ್ಸ್, ಜೇಮ್ಸ್ ಟೊರಾಸಿ, ಮತ್ತು ನಾವು ಮೇಲೆ ಹೇಳಿದ ಅದೇ ಸೈಕೋರಾ. ನಾಲ್ಕು ವರ್ಷಗಳ ಹಿಂದೆ ವೋಲ್‌ಹೈಮನೊಡನೆ ಹೊರದೂಡಲ್ಪಟ್ಟವನು ಈಗ ಬಾಗಿಲು ಕಾಯುವವರ ಕಡೆ ನಿಂತಿದ್ದನು! ವೋಲ್‌ಹೈಮ್, ಮೈಕೆಲ್, ಪೋಲ್, ಲೌಂಡ್ಸ್, ಕಾರ್ನ್‌ಬ್ಲತ್, ಜ್ಯಾಕ್ ಗಿಲೆಸ್ಪಿ, ಈ ಆರು ಮಂದಿಗೆ ಪ್ರವೇಶ ನಿರಾಕರಿಸಲಾಯಿತು. ಸಭೆಯ ವ್ಯವಸ್ಥಾಪಕರು ಸರ್ವಾಧಿಕಾರಿಗಳೆಂದು ಆಪಾದಿಸುವ ಕರಪತ್ರಗಳ ಕಟ್ಟೊಂದು ಸಿಕ್ಕಿತೆಂಬುದೂ, ಗದ್ದಲ ಮಾಡುವುದಿಲ್ಲವೆಂದು ಮಾತು ಕೊಡಲು ಅವರು ಒಪ್ಪಲಿಲ್ಲವೆಂಬುದೂ ಕೊಟ್ಟ ಕಾರಣ. ಆದರೆ ಆ ಕರಪತ್ರವನ್ನು ಸಿದ್ಧಪಡಿಸಿದವನು ಡೇವಿಡ್ ಕೈಲ್; ಅವನನ್ನು ಯಾರೂ ತಡೆಯಲಿಲ್ಲ. ಅಸಿಮೋವನೂ ನಿರಾತಂಕವಾಗಿ ಒಳಗೆ ಹೋದನು.

ಇಲ್ಲಿ ಚರಿತ್ರಕಾರನಿಗೆ ಎದುರಾಗುವ ತೊಡಕನ್ನು ಹೇಳಬೇಕು. ಆ ದಶಕದ ಓದುಗರ ಚಟುವಟಿಕೆಯನ್ನು ಕುರಿತ ಮೊದಲ ವಿಸ್ತಾರ ಚರಿತ್ರೆಯಾದ 'ದಿ ಇಮ್ಮಾರ್ಟಲ್ ಸ್ಟಾರ್ಮ್' ೧೯೫೪ರಲ್ಲಿ ಪುಸ್ತಕವಾಗಿ ಹೊರಬಂದಿತು. ಅದರ ಕರ್ತೃ ಸ್ಯಾಮ್ ಮಾಸ್ಕೊವಿಟ್ಸನೇ. ಆಪಾದಿತನೇ ನ್ಯಾಯಾಧೀಶನಾದಂತಾಯಿತು. ಎದುರು ಪಕ್ಷದ ಹೇಳಿಕೆಗಳು ಬಹಳ ತಡವಾಗಿ ಬಂದವು: ಫ್ಯೂಚೂರಿಯನ್ನರನ್ನು ಕುರಿತು ಡೇಮನ್ ನೈಟನ ಗ್ರಂಥ ೧೯೭೭ರಲ್ಲಿ, ಪೋಲನ ಆತ್ಮಕಥೆ ೧೯೭೮ರಲ್ಲಿ. ಅವರೂ ಆ ಕೂಟದವರೇ. ತಟಸ್ಥ ಸಾಕ್ಷಿಯನ್ನು ಹುಡುಕುವುದು ಇಲ್ಲಿ ವ್ಯರ್ಥ. ಎರಡೂ ಕಡೆಯವರು ಒಪ್ಪುವ ಸಂಗತಿಗಳ ಮೇಲೆಯೇ ನಮ್ಮ ತೀರ್ಮಾನ ನಿಲ್ಲಬೇಕಾಗಿದೆ. ಇವರೆಲ್ಲರ ವಯಸ್ಸನ್ನೂ ಮರೆಯಬಾರದು. ಮಾಸ್ಕೊವಿಟ್ಸನಿಗೂ ಪೋಲನಿಗೂ ಹತ್ತೊಂಬತ್ತು, ಕಾರ್ನ್‌ಬ್ಲತನಿಗೆ ಹದಿನಾರು. ಹುಡುಗರ ಜಗಳವೆಂದು ಇದನ್ನು ತಳ್ಳಿಹಾಕುವವರಿದ್ದಾರೆ. ಅದು ನಮಗೆ ಸಮ್ಮತವಲ್ಲ.

ನಮಗೆ ತೋರುವಂತೆ ಎರಡು ಪಕ್ಷದಲ್ಲಿಯೂ ತಪ್ಪು ಇದ್ದಿತು. ಓದುಗರ ಬಳಗವೆಲ್ಲವೂ ಒಂದು ರಾಜಕೀಯ ತತ್ತ್ವದ ಪರಿಚಾರಕವಾಗಬೇಕೆಂದು ಮೈಕೆಲನ ಅನುಯಾಯಿಗಳು ಬಯಸಿದ್ದು ಅತಿಯಾಯಿತು. ಕೆಲವೇ ವಾರಗಳಲ್ಲಿ, ಆಗಸ್ಟಿನಲ್ಲಿ, ಹಿಟ್ಲರನೂ ಸ್ಟಾಲಿನನೂ ಒಪ್ಪಂದ ಮಾಡಿಕೊಂಡಾಗ ಪೋಲನೇ ತನ್ನ ಪಕ್ಷದಲ್ಲಿ ನಂಬಿಕೆ ಕಳೆದುಕೊಂಡನು. ಆದರೆ ವ್ಯವಸ್ಥಾಪಕರ ತಪ್ಪು ಇನ್ನೂ ಮೂಲಭೂತವಾದುದು. ರಾಜಕೀಯವನ್ನು ಹೊರಗಿಟ್ಟರೆ ಶುದ್ಧ ವಿಜ್ಞಾನ ಕಥೆ ಉಳಿಯುವುದೆಂದು ಅವರು ನಂಬಿದ್ದರು. ಹೊರಗಿಡುವ ಅಧಿಕಾರ ಯಾರದು ಎಂಬುದೇ ರಾಜಕೀಯದ ಪ್ರಶ್ನೆಯೆಂಬುದು ಅವರಿಗೆ ಹೊಳೆಯಲಿಲ್ಲ. ಆ ಬಾಗಿಲಿನಿಂದ ಹಿಂದಿರುಗಿದವರಲ್ಲಿ ಪೋಲ್, ವೋಲ್‌ಹೈಮ್, ಲೌಂಡ್ಸ್ ಮೂವರೂ ಮುಂದಿನ ಕೆಲವು ವರ್ಷಗಳಲ್ಲಿಯೇ ವಿಜ್ಞಾನ ಕಥಾ ಪತ್ರಿಕೆಗಳ ಸಂಪಾದಕರಾದರೆಂಬುದನ್ನು ನೆನೆದರೆ, ಬಹಿಷ್ಕಾರ ಎಷ್ಟರ ಮಟ್ಟಿಗೆ ಸಫಲವಾಯಿತೆಂಬುದು ತಿಳಿಯುತ್ತದೆ. ಪೋಲನೂ ಕಾರ್ನ್‌ಬ್ಲತನೂ ಕೂಡಿ ಬರೆದು ೧೯೫೩ರಲ್ಲಿ ಪುಸ್ತಕವಾದ 'ದಿ ಸ್ಪೇಸ್ ಮರ್ಚೆಂಟ್ಸ್' ಕಾದಂಬರಿಯಲ್ಲಿ ಜಾಹೀರಾತು ಸಂಸ್ಥೆಗಳೇ ಜಗತ್ತನ್ನು ಆಳುತ್ತವೆ. ಶುಕ್ರಗ್ರಹವೂ ಅವುಗಳಿಗೆ ಮಾರಾಟದ ಸರಕು. ಅರ್ಥಶಾಸ್ತ್ರವನ್ನು ತೆಗೆದುಬಿಟ್ಟರೆ ಆ ಕಥೆಯಲ್ಲಿ ಏನೂ ಉಳಿಯುವುದಿಲ್ಲ.

೧೯೬೮ನೆಯ ವರ್ಷದಲ್ಲಿ ಈ ಹಳೆಯ ಪ್ರಶ್ನೆ ಮತ್ತೆ ಎರಡು ರೂಪಗಳಲ್ಲಿ ಎದ್ದಿತು. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಲೇಖಕರ ಸಹಿಯೊಡನೆ ಜಾಹೀರಾತು ಪ್ರಕಟಿಸಲು ಜುಡಿತ್ ಮೆರಿಲ್ ಮತ್ತು ಕೇಟ್ ವಿಲ್ಹೆಲ್ಮ್ ಎಂಬ ಲೇಖಕಿಯರು ಮುಂದಾದರು. ಮೆರಿಲ್ ಹಿಂದೆ ಫ್ಯೂಚೂರಿಯನ್ನರ ಕೂಟದಲ್ಲಿದ್ದಾಕೆ. ಯುದ್ಧದ ಪರವಾಗಿಯೂ ಸಹಿಗಳು ಕೂಡಿದವು. ಜೂನ್ ತಿಂಗಳ 'ಗ್ಯಾಲಕ್ಸಿ' ಪತ್ರಿಕೆಯಲ್ಲಿ ಎರಡೂ ಪಟ್ಟಿಗಳು ಪ್ರಕಟವಾದವು. ಪರವಾಗಿ ಹೈನ್‌ಲೈನ್, ವಿರೋಧವಾಗಿ ಅಸಿಮೋವ್. ಆ ಪತ್ರಿಕೆಯ ಸಂಪಾದಕನು ಫ್ರೆಡರಿಕ್ ಪೋಲ್. ಒಂದು ಕಾಲಕ್ಕೆ ಬಾಗಿಲಿನಿಂದ ಹೊರಗುಳಿದವನು ಎರಡು ಪಕ್ಷಕ್ಕೂ ಒಳಗೆ ಸ್ಥಳ ಕೊಟ್ಟನು.

ಎರಡನೆಯದು ದೂರದರ್ಶನದ ಪ್ರಸಂಗ. ೧೯೬೬ರ ಸೆಪ್ಟೆಂಬರಿನಲ್ಲಿ ಎನ್.ಬಿ.ಸಿ. ಸಂಸ್ಥೆಯವರು ಆರಂಭಿಸಿದ 'ಸ್ಟಾರ್ ಟ್ರೆಕ್' ಧಾರಾವಾಹಿ ಎರಡನೆಯ ವರ್ಷದಲ್ಲಿಯೇ ನಿಲ್ಲುವ ಸೂಚನೆ ಕಂಡಾಗ, ಬಿಜೋ ಟ್ರಿಂಬಲ್ ಎಂಬಾಕೆಯೂ ಆಕೆಯ ಪತಿಯೂ ಓದುಗರ ಬಳಗದ ವಿಳಾಸ ಪಟ್ಟಿಗಳನ್ನು ಹಿಡಿದು ದೊಡ್ಡದೊಂದು ಪತ್ರ ಚಳವಳಿಯನ್ನು ನಡೆಸಿದರು. ೧೯೬೮ರ ಮಾರ್ಚ್ ೧ರಂದು, ಧಾರಾವಾಹಿ ಮುಂದುವರಿಯುವುದೆಂದು ಸಂಸ್ಥೆಯು ಪ್ರಸಾರದಲ್ಲಿಯೇ ಸಾರಬೇಕಾಯಿತು. ೧೯೬೯ರಲ್ಲಿ ಅದು ನಿಂತೇ ಹೋಯಿತು, ನಿಜ. ಆದರೆ ಪತ್ರ ಬರೆದು ಅಧಿಕಾರಸ್ಥರನ್ನು ಅಲುಗಿಸಬಹುದೆಂಬ ಅರಿವು ಉಳಿಯಿತು. ೧೯೭೬ರಲ್ಲಿ ಅಭಿಮಾನಿಗಳು ಅಧ್ಯಕ್ಷ ಫೋರ್ಡನಿಗೆ ಪತ್ರಗಳನ್ನು ಬರೆದು, 'ಕಾನ್‌ಸ್ಟಿಟ್ಯೂಷನ್' ಎಂದು ಹೆಸರಿಡಬೇಕಾಗಿದ್ದ ಮೊದಲ ಅಂತರಿಕ್ಷ ನೌಕೆಗೆ ಧಾರಾವಾಹಿಯ ನೌಕೆಯ 'ಎಂಟರ್‌ಪ್ರೈಸ್' ಎಂಬ ಹೆಸರನ್ನು ಕೊಡಿಸಿದರು.

ಇದನ್ನು ಬರಿಯ ವಿನೋದವೆನ್ನುವವರು ಮುಂದಿನ ಸಂಗತಿಯನ್ನು ಗಮನಿಸಬೇಕು. ಅಂತರಿಕ್ಷದಲ್ಲಿ ಮಾನವ ವಸತಿಗಳನ್ನು ಕಟ್ಟಬಹುದೆಂಬ ಭೌತವಿಜ್ಞಾನಿ ಜೆರಾರ್ಡ್ ಓನೀಲನ ಯೋಜನೆಯಿಂದ ಪ್ರೇರಿತವಾಗಿ ೧೯೭೫ರಲ್ಲಿ 'ಎಲ್-೫ ಸೊಸೈಟಿ' ಹುಟ್ಟಿತು. ಅದರಲ್ಲಿ ವಿಜ್ಞಾನ ಕಥೆಗಳ ಓದುಗರು ಬಹುಮಂದಿ. ೧೯೭೯ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಚಂದ್ರನ ಸಂಪತ್ತು ಮಾನವಕುಲದ ಸಮಾನ ಸ್ವತ್ತೆಂದು ಸಾರುವ ಒಪ್ಪಂದವನ್ನು ಅಂಗೀಕರಿಸಿದಾಗ, ಖಾಸಗಿ ಉದ್ಯಮಕ್ಕೆ ಇದರಿಂದ ಧಕ್ಕೆಯೆಂದು ಈ ಸಂಘವು ವಾಷಿಂಗ್ಟನ್ನಿನಲ್ಲಿ ವಿರೋಧ ಸಂಘಟಿಸಿತು. ಅಮೆರಿಕ ಸಹಿ ಹಾಕಲಿಲ್ಲ. ಈ ಫಲಕ್ಕೆ ಸಂಘವೊಂದೇ ಕಾರಣವೆನ್ನುವುದು ಉತ್ಪ್ರೇಕ್ಷೆಯಾದೀತು. ಅದರ ಪಾಲೂ ಇದ್ದಿತೆನ್ನಲು ಅಡ್ಡಿಯಿಲ್ಲ. ಭಾರತವು ೧೯೮೨ರಲ್ಲಿ ಅದೇ ಒಪ್ಪಂದಕ್ಕೆ ಸಹಿ ಹಾಕಿತೆಂಬುದನ್ನು ಇಲ್ಲಿ ಸ್ಮರಿಸಬಹುದು. ೧೯೩೦ರ ಲ್ಯಾಸರನಿಗೆ ಅಂತರಿಕ್ಷವೂ ನಿರುದ್ಯೋಗಿಗಳ ಹಕ್ಕೂ ಒಂದೇ ಚಿಂತನೆಯ ಎರಡು ಮುಖಗಳಾಗಿದ್ದವು; ಐವತ್ತು ವರ್ಷಗಳ ತರುವಾಯ ಅಂತರಿಕ್ಷದ ಮಾತು ಖಾಸಗಿ ಉದ್ಯಮದ ಪರವಾಗಿ ತಿರುಗಿದ್ದಿತು. ದಿಕ್ಕು ಬದಲಾಯಿತು, ರಾಜಕೀಯವಂತೂ ಬಿಡಲಿಲ್ಲ.

ಅದೇ ೧೯೭೯ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ನಡೆಯುತ್ತಿದ್ದ 'ಆರ್ಪಾನೆಟ್' ಗಣಕಜಾಲದಲ್ಲಿ 'ಎಸ್.ಎಫ್. ಲವರ್ಸ್' ಎಂಬ ಪತ್ರಮಾಲೆ ಆರಂಭವಾಯಿತು. ಸಂಶೋಧನೆಗೆಂದು ಹಾಕಿದ ತಂತಿಗಳ ಮೇಲೆ ಕಥೆಗಳ ಹರಟೆ ಹರಿಯತೊಡಗಿತು. ವಿಳಾಸ ಸಹಿತವಾಗಿ ಅಚ್ಚಾಗುತ್ತಿದ್ದ ಹಿಂದಿನ ವಾಚಕರ ಪತ್ರಗಳಿಗೂ ಇದಕ್ಕೂ ವೇಗವೊಂದರಲ್ಲಲ್ಲದೆ ಹೆಚ್ಚಿನ ಭೇದ ನಮಗೆ ಕಾಣುವುದಿಲ್ಲ. ವಿಶ್ವ ಸಮ್ಮೇಳನದಲ್ಲಿ ಗರ್ನ್ಸ್‌ಬ್ಯಾಕನ ಗೌರವಾರ್ಥವಾಗಿ ೧೯೫೩ರಲ್ಲಿ ಆರಂಭವಾದ 'ಹ್ಯೂಗೋ' ಪಾರಿತೋಷಕಗಳಲ್ಲಿ ಅತ್ಯುತ್ತಮ ಅಭಿಮಾನಿ ಲೇಖಕನಿಗೆಂದು ಒಂದು ಮೀಸಲಾಗಿದೆ. ೨೦೧೦ರ ಸಮ್ಮೇಳನದಲ್ಲಿ ಅದು, ಅಂತರ್ಜಾಲದಲ್ಲಿ ಹಳೆಯ ನೆನಪುಗಳನ್ನೂ ದೇಶದ ರಾಜಕೀಯವನ್ನೂ ಕುರಿತು ಬರೆಯುತ್ತಿದ್ದ, ತೊಂಬತ್ತು ವರ್ಷ ವಯಸ್ಸಿನ ಫ್ರೆಡರಿಕ್ ಪೋಲನಿಗೆ ಸಂದಿತು.