ಎಣ್ಣೆ ಎಂಜಿನ್ನಿನ ಪುಟ್ಟ ಪಂಪಿನ ಕಥೆ



ಕಮಲಾಪುರದ ಕಡೆ ಕೆಂಪು ಬಾಳೆ ಹಚ್ಚಿದವರಿರಲಿ, ಭೀಮಾ ದಂಡೆಯಲ್ಲಿ ಕಬ್ಬು ಬೆಳೆಯುವವರಿರಲಿ, ಕರೆಂಟು ಇಲ್ಲದ ಹೊತ್ತಿನಲ್ಲಿ ಡೀಸೆಲ್ ಎಂಜಿನ್ನನ್ನು ನೆನೆಯುವುದುಂಟು. ಟ್ರ್ಯಾಕ್ಟರು ಓಡುವುದೂ ಅದೇ ಎಣ್ಣೆಯಿಂದ. ಆ ಎಂಜಿನ್ನಿನ ಪಕ್ಕಕ್ಕೆ ಒಂದು ಪುಟ್ಟ ಪಂಪು, ತಲೆಯ ಮೇಲೆ ಒಂದು ನಾಝಲ್ ಇರುತ್ತವೆ, ನೋಡಿದ್ದೀರಲ್ಲ? ಇವೆರಡು ಕೆಟ್ಟರೆ ಉಳಿದದ್ದೆಲ್ಲ ಬರೀ ಕಬ್ಬಿಣ. ಬಾವಿಯಲ್ಲಿ ನೀರಿದ್ದೂ ಬೆಳೆ ಒಣಗುತ್ತದೆ. ಇವು ಎಲ್ಲಿಂದ ಬಂದವು, ಕೇಳಿರಿ.

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಹಾಗೆ ಕಾದ ಗಾಳಿಯೊಳಕ್ಕೆ ಎಣ್ಣೆಯನ್ನು ಮಂಜಿನಂತೆ ಸಿಡಿಸಿದರೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಅವರು 1897ರಲ್ಲಿ ಇದನ್ನು ಮಾಡಿ ತೋರಿಸಿದರು. ಆದರೆ ಎಣ್ಣೆಯನ್ನು ಒಳಗೆ ಊದಲು ಒಂದು ಭಾರಿ ಗಾಳಿಯಂತ್ರ ಬೇಕಾಗುತ್ತಿತ್ತು. ಅಂಥ ಎಂಜಿನ್ ಕಾರ್ಖಾನೆಗೆ, ಹಡಗಿಗೆ ಸರಿ. ಹೊಲಕ್ಕೆ ಹೇಗೆ ತರೋದು?

ಅದೇ ಕಾಲಕ್ಕೆ ಇಂಗ್ಲೆಂಡಿನ ಲಂಡನ್ನಿನಲ್ಲಿ ಚಾರ್ಲ್ಸ್ ಆಂಥನಿ ವ್ಯಾಂಡರ್‌ವೆಲ್ ಎಂಬವರು ಬ್ಯಾಟರಿ, ಗಾಡಿಯ ದೀಪಗಳನ್ನು ತಯಾರಿಸುತ್ತಿದ್ದರು. ಅವರ ಹೆಸರಿನ ಮೂರು ಮೊದಲಕ್ಷರಗಳೇ ‘ಸಿ.ಎ.ವಿ.’ ಎಂಬ ಗುರುತಾದವು. 1904ರಲ್ಲಿ ಕಾರ್ಖಾನೆ ಆಕ್ಟನ್ ಎಂಬಲ್ಲಿಗೆ ಬಂತು. 1926ರಲ್ಲಿ ಲ್ಯೂಕಾಸ್ ಕಂಪನಿ ಅದನ್ನು ಕೊಂಡಿತು.

1927ರಲ್ಲಿ ಜರ್ಮನಿಯ ಬಾಷ್ ಕಂಪನಿ, ಆ ಭಾರಿ ಗಾಳಿಯಂತ್ರದ ಬದಲು ಎಣ್ಣೆಯನ್ನೇ ಒತ್ತಿ ಸಿಡಿಸುವ ಪುಟ್ಟ ಪಂಪನ್ನು ಸಾಲಾಗಿ ತಯಾರಿಸತೊಡಗಿತು. 1931ರಲ್ಲಿ ಸಿ.ಎ.ವಿ. ಬಾಷ್ ಜೊತೆ ಕೂಡಿ ಅಂಥ ಪಂಪನ್ನು ಬ್ರಿಟನ್ನಿನಲ್ಲೂ ಮಾಡಿತು. ಡೀಸೆಲ್ ಎಂಜಿನ್ ಸಣ್ಣದಾಯಿತು. ಲಾರಿಗೆ, ಟ್ರ್ಯಾಕ್ಟರಿಗೆ, ಬಾವಿಗೆ ಬಂತು.

ನಮ್ಮ ನಾಡಿಗೆ ಈ ವಿದ್ಯೆ ಬಂದದ್ದು ಬಾಷ್ ಕಡೆಯಿಂದ. 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಹುಟ್ಟಿತು. ‘ಮೈಕೋ’ ಅಂದರೆ ಮೇಸ್ತ್ರಿಗಳೆಲ್ಲರಿಗೂ ಗೊತ್ತು. ಆಡುಗೋಡಿಯ ಕಾರ್ಖಾನೆಯಲ್ಲಿ ನಮ್ಮವರ ಕೈಗಳೇ ಸ್ಪಾರ್ಕ್ ಪ್ಲಗ್ಗು, ಪಂಪು, ನಾಝಲ್ ಮಾಡಿದವು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು.

ಈ ಕಥೆಯಿಂದ ನಮಗೇನು ಅಂತೀರಾ? ಈ ಪಂಪು ಎಣ್ಣೆಯನ್ನು ಒತ್ತುವ ಬಲ, ಲಾರಿ ಗಾಲಿಯೊಳಗಿನ ಗಾಳಿಯ ಒತ್ತಡದ ಹತ್ತು ಪಟ್ಟಿಗೂ ಮಿಗಿಲು. ಅಷ್ಟು ಒತ್ತಡದಲ್ಲಿ ಎಣ್ಣೆ ಸೋರಬಾರದು. ಅದಕ್ಕೇ ಪ್ಲಂಜರಿಗೂ ಅದರ ಕೊಳವೆಗೂ ನಡುವಿನ ಸಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ತಲೆಗೂದಲೂ ಅದಕ್ಕೆ ಬಲು ದಪ್ಪ. ಅಲ್ಲಿ ನಮ್ಮ ಎರೆಮಣ್ಣಿನ ಧೂಳು ಹೊಕ್ಕರೆ ಗತಿಯೇನು?

ಆದ್ದರಿಂದ ಡೀಸೆಲ್ ಡಬ್ಬಿಯ ಬಾಯಿ ಮುಚ್ಚಿಡಿ. ರಾತ್ರಿ ಅಲುಗಾಡಿಸದೆ ಇಟ್ಟು, ಬೆಳಿಗ್ಗೆ ತಳದ ಗಸಿ ಬಿಟ್ಟು ಸಣ್ಣ ಜಾಳಿಗೆಯಿಂದ ಸೋಸಿ ಹಾಕಿ. ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸಿ. ಪ್ಲಂಜರು ಮತ್ತು ಅದರ ಕೊಳವೆ ಜೋಡಿ. ಒಂದರದ್ದು ಇನ್ನೊಂದಕ್ಕೆ ಹಾಕಬೇಡಿ. ಸಿಡಿಯುವ ನಾಝಲ್ಲಿನ ಮುಂದೆ ಕೈ ಹಿಡಿಯಲೇಬೇಡಿ, ಮಕ್ಕಳನ್ನೂ ದೂರವಿಡಿ. ಎಣ್ಣೆ ಚರ್ಮ ತೂರಿ ಒಳಹೊಗುತ್ತದೆ. ಹಾಗೇನಾದರೂ ಆದರೆ ಗಾಯ ಸಣ್ಣದೆಂದು ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಹೋಗಿ.

ಗಾಳಿಯಂತ್ರವನ್ನು ಬಿಡಿಸಿ ಎಂಜಿನ್ನನ್ನು ಬಾವಿಯ ದಂಡೆಗೆ ತಂದದ್ದು ಈ ನಾಜೂಕು ಕೆಲಸ. ಅದು ಉಳಿಯುವುದು ನಿಮ್ಮ ಡಬ್ಬಿಯ ಶುಚಿಯಲ್ಲಿ.